ತೊಂಬತ್ತರ ಎಣಿಕೆ

ನಮ್ಮೂರಿನಲ್ಲಿ ಗಂಟೆ ಮೂರು ಸಲ ಬಡಿಯಿತೆಂದರೆ ಎಲ್ಲರೂ ಇದ್ದ ಜಾಗದಲ್ಲೇ ಕೂತುಬಿಡಬೇಕು. ಒಲೆಯ ಮೇಲಿನ ಬಾಣಲೆ ಇಳಿಸಬೇಕು, ಕಂಕುಳಿನ ಮಗುವನ್ನು ಚಾಪೆಯ ಮೇಲೆ ಮಲಗಿಸಬೇಕು, ಕ್ಷೌರದಂಗಡಿಯವನು ಕತ್ತಿಯನ್ನು ಗಿರಾಕಿಯ ಗಲ್ಲದಿಂದ ತೆಗೆದು ದೂರ ಇಡಬೇಕು, ಬಸ್ಸಿನವನು ಬ್ರೇಕು ಹಾಕಿ ಸ್ಟೀರಿಂಗಿನಿಂದ ಕೈ ತೆಗೆಯಬೇಕು. ಇಷ್ಟಕ್ಕೆಲ್ಲ ಬೇಕಾದಷ್ಟು ಹೊತ್ತು ಬಿಟ್ಟು ನಾನು ನಾಲ್ಕನೆಯ ಸಲ ಬಾರಿಸುತ್ತಿದ್ದೆ. ನಾಲ್ಕನೆಯದು ಆಯಿತೆಂದರೆ ಊರಿನವರ ಕೈಕಾಲೆಲ್ಲ ಹಿಂಡಿ ಹಾಕಿದ ಬಟ್ಟೆಯಾಗುತ್ತಿದ್ದವು. ಆ ಶಕ್ತಿಯೆಲ್ಲ ಮೈಗೆ ಸೇರಿ ಅತ್ತ ಟೈಲರ್ ಮುದ್ದುರಂಗ ಎತ್ತಬೇಕಾದ್ದನ್ನು ಎತ್ತುತ್ತಿದ್ದ.

ಮುದ್ದುರಂಗ ನನಗಿಂತ ಆರು ವರ್ಷ ಚಿಕ್ಕವನು. ಅವನ ಕೊರಳಿನ ಅಳತೆ ಟೇಪನ್ನು ಅವನ ಎದೆಗೇ ಸುತ್ತಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ಅಷ್ಟು ಸಣಕಲ. ಗಂಟೆಯಿಲ್ಲದ ಹೊತ್ತಿನಲ್ಲಿ ಅವನಿಂದ ಹೊಲಿಗೆ ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆಯಲೂ ಆಗುವುದಿಲ್ಲ, ಯಾರನ್ನಾದರೂ ಕೂಗುತ್ತಾನೆ. ಆದರೆ ಕೆರೆ ಏರಿಯಿಂದ ಉರುಳಿದ ಬಸ್ಸನ್ನು ಮೂವತ್ತೊಂದು ಜನರ ಸಮೇತ ಎತ್ತಿ ರಸ್ತೆಗಿಟ್ಟವನು ಅವನೇ. ಎತ್ತುವ ಮುಂಚೆ ಅವನು ಗಂಟೆಮನೆಯ ಕಡೆ ತಿರುಗಿ ಬೆರಳು ತೋರಿಸುತ್ತಿದ್ದ. ಒಂದು ಬೆರಳೆಂದರೆ ಹತ್ತರ ಎಣಿಕೆ. ಐದು ಬೆರಳು ತೋರಿಸಿದರೆ ನಾನು ಕಿಟಕಿಯಿಂದ "ಐವತ್ತೂ" ಎಂದು ಕೂಗುತ್ತಿದ್ದೆ, ಕೇಳಿದವರು ಮುಂದಕ್ಕೆ ಕೂಗಿ ಸುದ್ದಿಯನ್ನು ಊರಿನ ಕೊನೆಗೆ ಮುಟ್ಟಿಸುತ್ತಿದ್ದರು. ಎಷ್ಟು ಹೊತ್ತು ತಡೆಯಬೇಕೆಂದು ಮೊದಲೇ ಗೊತ್ತಿದ್ದರೆ ಜನಕ್ಕೆ ತಡೆಯುವುದು ಸುಲಭ.

ಗಂಟೆಮನೆ ಇರುವುದು ಪುರಸಭೆ ಕಟ್ಟಡದ ನೆತ್ತಿಯ ಮೇಲೆ, ಸಂತೆ ಮೈದಾನಕ್ಕೆ ಎದುರಾಗಿ. ಮೂವತ್ತೆರಡು ಮೆಟ್ಟಿಲು. ಅತ್ತೆಯವರ ಮಂಡಿ ಹೋದ ಮೇಲೆ ಆ ಕೆಲಸ ನನಗೆ ಬಂತು, ಹತ್ತೊಂಬತ್ತು ವರ್ಷ ಮಾಡಿದೆ. ನನ್ನ ಗಂಡ ದೇವೀರಪ್ಪನವರು ಮದುವೆ ಮುಂಜಿಗಳ ಅಡುಗೆ ಮಾಡಿಸುವವರು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಯಾರಾದರೂ ಹೇಳಿದರೆ ಮೂರು ದಿನ ಮಂಕಾಗಿರುತ್ತಾರೆ. ಗಂಟೆಯಾದಾಗ ಬೇರೆಯವರೆಲ್ಲ ಕೂತರೆ ಇವರು ಅಂಗಳದಲ್ಲಿ ಚಾಪೆ ಹಾಸಿ, ಕೈಕಾಲು ಅಗಲಿಸಿ, ಅಂಗಾತ ಮಲಗುತ್ತಿದ್ದರು. ಹಾಗೆ ಮಲಗಿದರೆ ಶಕ್ತಿ ಸಲೀಸಾಗಿ ಹರಿದು ಹೋಗುತ್ತದೆಂದು ಅವರ ಲೆಕ್ಕ. "ತಗೋ ರಂಗ, ತಗೋ, ಸಂಕೋಚ ಪಡ್ಬೇಡ" ಎಂದು ಆಕಾಶಕ್ಕೆ ಹೇಳುತ್ತಿದ್ದರು. ಬಸ್ಸನ್ನು ಎತ್ತಿದ್ದು ತಾವೇ, ಮುದ್ದುರಂಗ ಬರೀ ಕೈ ಹಚ್ಚಿದ್ದು ಎನ್ನುವ ಹಾಗೆ ಮಾತಾಡುತ್ತಿದ್ದರು. ಇದನ್ನು ಹೇಳಿ ನಾನು ಅವರನ್ನು ಸಾಕಷ್ಟು ರೇಗಿಸಿದ್ದೇನೆ.

ಆ ಹತ್ತೊಂಬತ್ತನೆಯ ವರ್ಷ ವಿದ್ಯಾಧರ ಎನ್ನುವ ಮೇಷ್ಟ್ರೊಬ್ಬರು ಬಂದರು. ಯಾವುದೋ ಪಟ್ಟಣದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ಚೀಲದ ತುಂಬ, ಲಾರಿ ರೈಲು ಎತ್ತುವ ಬಲಶಾಲಿಗಳ ಕಥೆ ಹೇಳುವ ಮಕ್ಕಳ ಚಿತ್ರಕಥೆಯ ಪುಸ್ತಕಗಳು. ಕ್ಲಾಸಿನ ಹುಡುಗರು ಇಂಥ ಮನುಷ್ಯರು ನಿಜವಾಗಿ ಇರಬಹುದಾ ಎಂದು ಪ್ರತಿ ವರ್ಷವೂ ಕೇಳುತ್ತಾರಂತೆ, ಇವರು ಇಪ್ಪತ್ತು ವರ್ಷದಿಂದ ಇಲ್ಲ ಎಂದೇ ಹೇಳಿಕೊಂಡು ಬಂದಿದ್ದಾರಂತೆ. ಯಾರೋ ನಮ್ಮೂರಿನ ಹೆಸರು ಕಿವಿಗೆ ಹಾಕಿದ್ದರು. ಬಂದವರೇ ಗಂಟೆಮನೆ ಹತ್ತಿ, ಏದುಸಿರು ಬಿಡುತ್ತ ಒಂದು ಪುಸ್ತಕ ಬಿಚ್ಚಿ ನನ್ನ ಮುಂದೆ ಹಿಡಿದರು.

"ಈ ಚಿತ್ರ ನೋಡಿ ಅಮ್ಮ. ಒಂದೇ ಕೈಲಿ ಲಾರಿ ಎತ್ತಿದಾನೆ. ಹಿಂದೆ ನಿಂತಿರೋ ಜನದ ಮುಖ ನೋಡಿ. ಒಬ್ಬರಾದ್ರೂ ಸುಸ್ತಾಗಿದಾರಾ? ಇಂಥವನು ಇರೋಕೆ ಸಾಧ್ಯಾನೇ ಇಲ್ಲ. ಅಷ್ಟು ಭಾರ ಎತ್ತಿದ ಮೇಲೆ ಅದು ಎಲ್ಲಾದ್ರೂ ಒಂದು ಕಡೆ ಬೀಳ್ಲೇಬೇಕು."

"ನಮ್ಮೂರಲ್ಲಿ ನಮ್ಮ ಮೇಲೆ ಬೀಳತ್ತೆ ಸ್ವಾಮಿ" ಎಂದೆ.

ಅವರು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ, "ಬಸ್ ಎತ್ತಿದ ದಿನ ಊರಲ್ಲಿ ಯಾರಾದ್ರೂ ತೀರ್ಕೊಂಡ್ರಾ?" ಎಂದು ಕೇಳಿದರು. ಇಬ್ಬರು ವಯಸ್ಸಾದವರು ಹೋದರು, ಅವರ ಆಯಸ್ಸು ಮುಗಿದಿತ್ತು ಎಂದೆ. "ಇಬ್ಬರದೂ ಒಂದೇ ಹೊತ್ತಿಗೆ ಮುಗೀತಾ?" ಎಂದರು. ನನಗೆ ಸಿಟ್ಟು ಬಂತು. ಆ ಮಾತನ್ನು ನಮ್ಮೂರಿನಲ್ಲಿ ಯಾರೂ ಆಡುತ್ತಿರಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, ಆರಿಹೋಗತ್ತೆ ಕುಡೀರಿ ಎಂದು ಮಾತು ಮುಗಿಸಿದೆ.

ಮೇಷ್ಟ್ರು ಬಂದು ಎಂಟೊಂಬತ್ತು ದಿನವಾಗಿತ್ತು, ಒಂದು ಟ್ರ್ಯಾಕ್ಟರ್ ಹಳ್ಳಕ್ಕೆ ಬಿತ್ತು. ಮುದ್ದುರಂಗ ಆರು ಬೆರಳು ತೋರಿಸಿದ. ಎಲ್ಲರೂ ಕೂತರೂ ಮೇಷ್ಟ್ರು ಮಾತ್ರ ಕೈಕಟ್ಟಿಕೊಂಡು ನಿಂತೇ ಇದ್ದರು. ನಮ್ಮೂರ ನೀರು ಒಂದು ವಾರ ಕುಡಿದವರೂ ಊರಿನವರೇ ಆಗಿಬಿಡುತ್ತಾರೆ, ಅದು ಅವರಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಗಂಟೆಗೆ ಮುಖ ಅಡಿಯಾಗಿ ಬಿದ್ದು ಕನ್ನಡಕ ಪುಡಿಮಾಡಿಕೊಂಡರು. ಎದ್ದಾಗ ಮೂಗಿನಲ್ಲಿ ರಕ್ತ ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ಎಲ್ಲಿಲ್ಲದ ಖುಷಿ. ನಾನು ನಗುತ್ತಲೇ ಮನೆಗೆ ಹೋದೆ. ಅಂಗಳದಲ್ಲಿ ನನ್ನ ಗಂಡ ಅಂಗಾತ ಮಲಗಿದ್ದವರು ಎದ್ದಿರಲಿಲ್ಲ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಇನಾಯತ್ ಡಾಕ್ಟರು ಓಡಿ ಬಂದು ಅರ್ಧ ಗಂಟೆ ಎದೆ ಒತ್ತಿ ಇವರನ್ನು ಉಳಿಸಿದರು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದರು. "ಈ ಸಲ ಅರವತ್ತು. ಉಳಿದಿದ್ದೇ ಹೆಚ್ಚು. ಇನ್ಮೇಲೆ ಐವತ್ತು ದಾಟಿತು ಅಂದ್ರೆ ನನ್ನ ಕೈಲಿ ಏನೂ ಇಲ್ಲ ಚೆಲುವಾಜಮ್ಮ" ಎಂದರು. ಊರಿನ ಗಡಿಕಲ್ಲು ದಾಟಿದವರನ್ನು ಗಂಟೆ ಮುಟ್ಟುವುದಿಲ್ಲ, ಅದರ ಆಚೆ ಎಲ್ಲಾದರೂ ಇದ್ದರೆ ಎಂದು ಕೇಳಿದೆ. ಆಚೆ ಇದ್ದರೆ ಇನ್ನೂ ಹತ್ತು ವರ್ಷ ಸೌಟು ತಿರುವುತ್ತಾರೆ, ಕೊಪ್ಪರಿಗೆ ಎತ್ತದಿದ್ದರೆ ಆಯಿತು ಎಂದರು.

ಇವರಿಗೆ ಇದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಏನು ಮಾಡುತ್ತಿದ್ದರೆಂದು ನನಗೆ ಗೊತ್ತು. ಊರಿಡೀ ಸಾರಿಕೊಂಡು ಬರುತ್ತಿದ್ದರು, ಮುಂದಿನ ಗಂಟೆಗೆ ಇನ್ನೂ ಅಗಲವಾಗಿ ಕೈಕಾಲು ಹರಡಿ ಮಲಗುತ್ತಿದ್ದರು. ಆಮೇಲೆ ಊರಿನವರು ಬೀದಿಯ ತುದಿಗೆ ಅವರ ಹೆಸರಿನ ಕಲ್ಲು ನೆಡುತ್ತಿದ್ದರೇನೋ. ನನಗೆ ಕಲ್ಲು ಬೇಕಿರಲಿಲ್ಲ, ಗಂಡ ಬೇಕಿತ್ತು. ಅಣ್ಣನಿಗೆ ಹೇಳಿ ಕಳಿಸಿ, ಅವನ ಮಗಳ ನಿಶ್ಚಿತಾರ್ಥಕ್ಕೆ ನೀವೇ ಬಂದು ಅಡುಗೆ ಮಾಡಿಸಬೇಕೆಂದು ಕರೆ ತರಿಸಿದೆ. ಅಣ್ಣನ ಊರು ಗಡಿಕಲ್ಲಿನಿಂದ ಹನ್ನೆರಡು ಮೈಲಿ. ಅಲ್ಲಿ ಹೋದ ಮೇಲೆ ಒಂದಲ್ಲ ಒಂದು ನೆಪ ಹೇಳಿ ಉಳಿಸಿಕೊಂಡರಾಯಿತು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಬಸ್ಸು. ಒಗ್ಗರಣೆಗೆ ಅಲ್ಲಿನ ಕರಿಬೇವು ಆಗುವುದಿಲ್ಲ ಎಂದು ಇವರು ನಮ್ಮ ಹಿತ್ತಿಲಿನದನ್ನೇ ಕಟ್ಟಿಟ್ಟುಕೊಂಡಿದ್ದರು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೈದಾನದಲ್ಲಿ ದೊಡ್ಡ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಬರೀ ಧೂಳು. ಸಂತೆಯ ದೊಡ್ಡ ತಕ್ಕಡಿ ತೂಗುಹಾಕಿದ್ದ ಕಲ್ಲಿನ ಮಂಟಪ ಕುಸಿದಿತ್ತು. ಮುದ್ದುರಂಗನನ್ನು ಎತ್ತುವ ಮುಂಚೆ ಒಮ್ಮೆ, ಎತ್ತುವಾಗ ಒಮ್ಮೆ ತೂಗಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು. ತಕ್ಕಡಿ ನೆಟ್ಟಗಿದೆಯೇ ಎಂದು ನೋಡಲು ಒಳಗೆ ಹೋಗಿ, ಅದರ ಸರಪಳಿಗೆ ಜೋತುಬಿದ್ದರಂತೆ. ಅವರು ಕಿರುಚಿದ್ದು ನನಗೆ ಅಷ್ಟೆತ್ತರಕ್ಕೂ ಕೇಳಿಸಿತು.

ಕೈ ತಾನಾಗಿ ಹಗ್ಗಕ್ಕೆ ಹೋಯಿತು. ಮೂರು ಸಲ ಬಾರಿಸಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ, ಯೋಚನೆ ಮಾಡುವ ಮುಂಚೆಯೇ ಆಗಿಹೋಗಿತ್ತು.

ಸದ್ದು ಕೇಳಿ ಓಡಿ ಬಂದಿದ್ದ ಜನ ಮಂಟಪದ ಸುತ್ತ ಕೂತರು. ಒಬ್ಬರೂ ಕಲ್ಲಿನ ಹತ್ತಿರ ಹೋಗಲಿಲ್ಲ. ಅದು ನಮ್ಮೂರಿನಲ್ಲಿ ತಪ್ಪೇನಲ್ಲ, ಹಾಗೇ ಮಾಡಬೇಕಾದ್ದು. ಮುದ್ದುರಂಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಡಿ ಬಂದ. ಬಗ್ಗಿ ನೋಡಿದ, ಮೇಷ್ಟ್ರಿಗೆ ಏನೋ ಹೇಳಿದ, ಎದ್ದು ನನ್ನ ಕಡೆ ತಿರುಗಿದ. ಬಲಗೈಯ ಐದು ಬೆರಳು. ಎಡಗೈಯ ನಾಲ್ಕು.

ನಾನು ಮತ್ತೊಮ್ಮೆ ಎಣಿಸಿದೆ. ಒಂಬತ್ತೇ.

ಅವನು ಚಪ್ಪಡಿಯ ಅಂಚಿಗೆ ಕೈ ಕೊಟ್ಟು ಕಾಯತೊಡಗಿದ. ಊರೆಲ್ಲ ಕೂತು ಕಾಯುತ್ತಿತ್ತು. ಮೂರು ಬೀದಿಯಾಚೆ ನನ್ನ ಗಂಡ ಅಂಗಾತ ಮಲಗಿ ಕಾಯುತ್ತಿದ್ದರು. ಹಗ್ಗ ನನ್ನ ಅಂಗೈಯಲ್ಲಿ ಬೆವರಿಗೆ ಒದ್ದೆಯಾಗಿತ್ತು. ಎಳೆದರೆ ಅವರು ಹೋದರು. ಬಿಟ್ಟರೆ ಕಲ್ಲಿನಡಿಯವನು ಹೋದ. ಅವನು ಯಾರು? ಎರಡು ವಾರದ ಹಿಂದೆ ಬಂದ ಪರವೂರಿನವನು ಎಂದು ಮನಸ್ಸು ಹೇಳಿತು. ನಾಚಿಕೆಯಾಯಿತು, ಆದರೂ ಹೇಳಿತು. ಬೇಗ ಹೊಡೀರಿ ಅಮ್ಮ ಎಂದು ಕೆಳಗಿನಿಂದ ಯಾರೋ ಕೂಗಿದರು. ಆಮೇಲೆ ಬಹಳ ಜನ ಕೂಗಿದರು. ಎದ್ದು ಬರಲು ಮಾತ್ರ ಯಾರಿಗೂ ಧೈರ್ಯವಿಲ್ಲ, ನಿಂತಾಗ ನಾಲ್ಕನೆಯದು ಆದರೆ ಹಲ್ಲು ಉದುರುತ್ತವೆ.

ಮುದ್ದುರಂಗನೇ ಮೆಟ್ಟಿಲು ಹತ್ತಿ ಬಂದ.

"ಅಕ್ಕಾ, ಹಗ್ಗ ಸಿಕ್ಕಾಕ್ಕೊಂಡಿದ್ಯಾ?"

"ಇಲ್ಲ. ಐದು ಬೆರಳಲ್ಲಿ ಆಗಲ್ವಾ ರಂಗ?"

"ಎರಡು ಚಪ್ಪಡಿ ಅಕ್ಕ. ಒಂದು ಕಾಲ್ಮೇಲೆ ಬಿದ್ದಿದೆ. ಇನ್ನೊಂದು ಅದಕ್ಕೆ ಒರಗಿಕೊಂಡು ಜಾರ್ತಾ ಇದೆ, ಜಾರಿದ್ರೆ ಎದೆ ಮೇಲೇ ಬರತ್ತೆ. ಅದನ್ನ ತೆಗೆದಿಟ್ಟು ಆಮೇಲೆ ಇದನ್ನ ಎತ್ಬೇಕು. ತೊಂಬತ್ತರಲ್ಲಿ ಆದ್ರೆ ಪುಣ್ಯ."

"ನಮ್ಮನೆಯೋರು ಐವತ್ತು ದಾಟಿದ್ರೆ ಹೋಗ್ಬಿಡ್ತಾರೆ" ಎಂದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವನು ಹಗ್ಗವನ್ನು ನೋಡಿದ. ಕೈ ಹಾಕಿದ್ದರೆ ಮೆಟ್ಟಿಲ ಮೇಲಿಂದ ನೂಕಿಬಿಡುತ್ತಿದ್ದೆ, ಈಗ ಸುಳ್ಳು ಹೇಳಿ ಏನಾಗಬೇಕು. ಅವನು ಕೈ ಹಾಕಲಿಲ್ಲ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡ.

"ಬಸ್ಸೆತ್ತಿದ ದಿನ ಸಿದ್ದಮ್ಮಜ್ಜಿ ಹೋದ್ರಲ್ಲ. ವಾಚ್ ರಿಪೇರಿ ಸಾಬರ ಅಪ್ಪ ಹೋದ್ರಲ್ಲ. ಇಬ್ಬರ ಮನೆಗೂ ಹೋಗಿದ್ದೆ ಅಕ್ಕ. ನನ್ನನ್ನ ಚೇರ್ ಮೇಲೆ ಕೂರಿಸಿ ಟೀ ಕೊಟ್ರು. ಒಬ್ರೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು." ಅವನು ಮೆಟ್ಟಿಲ ಕಡೆ ತಿರುಗಿದ. "ಬಿಡು ಅದ್ನ. ಕೆಳಗೆ ಬಾ. ನಾನು ಏನು ಹೇಳಿದ್ರೂ ನೀನು ಬಾಯಿ ಬಿಡ್ಬೇಡ."

ಮೈದಾನದ ನಡುವೆ ನಿಂತು, ಬಟನ್ ಹೊಲಿದಿಲ್ಲ ನಾಳೆ ಬನ್ನಿ ಎಂದು ಗಿರಾಕಿಗೆ ಹೇಳುವ ದನಿಯಲ್ಲೇ ಅವನು ಹೇಳಿದ. "ಕೇಳ್ರಪ್ಪ. ನಾಲ್ಕನೇದು ಹೊಡೀಬೇಡಿ ಅಂತ ನಾನೇ ಅಕ್ಕಂಗೆ ಹೇಳಿದ್ದು. ನನ್ನ ಕೈಲಿ ಆಗ್ತಿಲ್ಲ. ಶಕ್ತಿ ಹೋಗ್ಬಿಟ್ಟಿದೆ. ಹೇಳ್ಕೊಳ್ಳೋಕೆ ನಾಚಿಕೆ ಆಗಿ ಬೆರಳು ತೋರ್ಸಿದೆ."

ಪುರಸಭೆ ಅಧ್ಯಕ್ಷರು ಕೂತಲ್ಲಿಂದಲೇ, "ಈಗ ಹೇಳ್ತೀಯೇನಯ್ಯ, ಮನುಷ್ಯ ಸಾಯ್ತಿರೋವಾಗ?" ಎಂದು ಅಬ್ಬರಿಸಿದರು. ಯಾರೋ ಉಗಿದರು. ನಾನು ಬಾಯಿ ತೆರೆದೆ, ಮುದ್ದುರಂಗ ನನ್ನ ಕಡೆ ನೋಡಿದ, ನಾನು ಮುಚ್ಚಿಕೊಂಡೆ. ಆ ದಿನ ನಾನು ಮಾಡಿದ ತಪ್ಪು ಅದು. ಗಂಟೆ ಹೊಡೆಯದೆ ಇದ್ದದ್ದನ್ನು ಇವತ್ತಿಗೂ ತಪ್ಪು ಎನ್ನಲಾರೆ.

ಆಗ ಕಲ್ಲಿನ ಸಂದಿಯಿಂದ ಮೇಷ್ಟ್ರ ದನಿ ಬಂತು. "ಯಾರಾದ್ರೂ ಉದ್ದದ ಕೋಲು ತನ್ನಿ. ಗಟ್ಟಿಯಾದ್ದು. ನಾನು ಹೇಳ್ಕೊಡ್ತೀನಿ."

ಎಳೆಯುವುದು, ನೂಕುವುದು, ಮೀಟುವುದು ನಮ್ಮೂರಿಗೆ ಮರೆತು ಎಷ್ಟೋ ಕಾಲವಾಗಿತ್ತು. ಮೊಳದುದ್ದದ ಹಾರೆ ಬಿಟ್ಟರೆ ಯಾರ ಮನೆಯಲ್ಲೂ ಏನೂ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಾಲಿನ ನರಸಮ್ಮ, "ಎದ್ದು ನಿಂತ್ಕೊಂಡ್ರೆ ಗಂಟೆ ಆಗ್ಬಿಡಲ್ವಾ?" ಎಂದು ನನ್ನನ್ನು ಕೇಳಿದಳು. ಆಗಲ್ಲ ಎಂದೆ. ನಂಬಲಿಲ್ಲ. ನಾನು ಮತ್ತೆ ಮೇಲೆ ಹತ್ತಿ, ಗಂಟೆಯ ನಾಲಗೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಭುಜಕ್ಕೆ ಸುತ್ತಿಕೊಂಡು ಇಳಿದು ಬಂದೆ. ಅದನ್ನು ನೋಡಿದ ಮೇಲೆ ಒಬ್ಬೊಬ್ಬರೇ ಎದ್ದರು. ಊರಿನಲ್ಲಿದ್ದ ಗಟ್ಟಿ ಹಗ್ಗವೂ ಅದೊಂದೇ.

ಉದ್ದದ ಕೋಲು ಇದ್ದದ್ದು ನಮ್ಮ ಮನೆಯಲ್ಲಿ. ಕೊಪ್ಪರಿಗೆ ಹೊರುವ ನಾಲ್ಕು ತೇಗದ ದಪ್ಪ ಕೋಲುಗಳು, ಒಂದೊಂದೂ ಎರಡಾಳುದ್ದ. ಹಗ್ಗವನ್ನು ನರಸಮ್ಮನ ಕೈಗೆ ಕೊಟ್ಟು, ಎಂಟು ಜನರನ್ನು ಕರೆದುಕೊಂಡು ಓಡಿದೆ. ಅವರನ್ನು ಹಿತ್ತಿಲ ಬಾಗಿಲಿಗೆ ಕಳಿಸಿ ಅಂಗಳಕ್ಕೆ ಬಂದರೆ ಇವರು ಚಾಪೆಯ ಮೇಲೆ ಹಾಗೇ ಇದ್ದಾರೆ, ಕಣ್ಣು ಮಾತ್ರ ಕೆಂಡವಾಗಿತ್ತು.

"ಏನೇ ಇದು! ಮೂರು ಹೊಡೆದು ಮನೆಗೆ ಬಂದಿದೀಯಲ್ಲ? ಎಷ್ಟು ಹೊತ್ತು ಮಲಗಿರ್ಲಿ? ಏನು ಬಿದ್ದಿರೋದು?"

"ಮಂಟಪ. ಮೇಷ್ಟ್ರು ಸಿಕ್ಕಾಕ್ಕೊಂಡಿದಾರೆ."

"ಅಯ್ಯೋ ಶಿವನೇ! ಓಡು ಮತ್ತೆ!" ಮೊಣಕೈ ಊರಿ ಏಳಲು ಹೋದರು. ಎದ್ದರೆ ಮೈದಾನಕ್ಕೆ ಬರುತ್ತಾರೆ, ಬಂದರೆ ಕೋಲಿಗೆ ಹೆಗಲು ಕೊಡುತ್ತಾರೆ, ಕೊಟ್ಟರೆ ಮುಗಿಯಿತು. ನಾನು ಎರಡೂ ಕೈಯಿಂದ ಎದೆ ಹಿಡಿದು ಮಲಗಿಸಿದೆ.

"ಏಳ್ಬೇಡಿ ಕಣ್ರೀ. ಈಗ ಆಗತ್ತೆ ಗಂಟೆ, ದೊಡ್ಡದು. ನಿಮ್ಮ ಪಾಲು ಕಮ್ಮಿಯಾದ್ರೆ ಮೇಷ್ಟ್ರು ಉಳಿಯಲ್ಲ. ಅಲ್ಲಾಡ್ದೆ ಮಲಗಿರಿ."

ಅವರು ತಕ್ಷಣ ಕೈಕಾಲು ಅಗಲಿಸಿ, ಆಕಾಶ ನೋಡುತ್ತ ಸುಮ್ಮನಾದರು. ಎಷ್ಟು ಶ್ರದ್ಧೆ! ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಅಳುವುದಕ್ಕೆ ಹೊತ್ತಿರಲಿಲ್ಲ.

ಮೊದಲ ಸಲ ಎಲ್ಲ ತಲೆಕೆಳಗಾಯಿತು. ಕೋಲನ್ನು ಚಪ್ಪಡಿಯಡಿ ತೂರಿಸಿದವರೇ ಎಲ್ಲರೂ ಮೇಲಕ್ಕೆ ಎತ್ತಿದರು. ಕಲ್ಲು ಒಂದು ಬೆರಳಿನಷ್ಟು ಎದ್ದು ಮತ್ತೆ ಕೂತಿತು, ಮೇಷ್ಟ್ರ ಕಿರುಚಾಟಕ್ಕೆ ನರಸಮ್ಮ ಕಿವಿ ಮುಚ್ಚಿಕೊಂಡಳು. ಒರಗಿದ್ದ ಚಪ್ಪಡಿ ಕರ್ರೆಂದು ಇಷ್ಟು ಜಾರಿತು. "ಎತ್ತಬೇಡಿ!" ಎಂದು ಮೇಷ್ಟ್ರು ಒಳಗಿನಿಂದಲೇ ಬೈದರು. "ಎತ್ತೋದಲ್ಲ, ಒತ್ತೋದು! ಕೋಲಿನ ಕೆಳಗೆ ಒಂದು ದಪ್ಪ ಕಲ್ಲಿಡಿ. ಕಲ್ಲು ನನ್ನ ಹತ್ರ ಇರ್ಬೇಕು, ನೀವು ದೂರ ಇರ್ಬೇಕು. ಕೊನೇ ತುದಿ ಹಿಡ್ಕೊಂಡು ಕೆಳಕ್ಕೆ ಒತ್ತಿ. ಎದ್ದಷ್ಟಕ್ಕೆ ಚೂರುಕಲ್ಲು ತುರುಕಿ. ಮತ್ತೆ ಒತ್ತಿ. ಅವಸರ ಬೇಡ."

ಅವಸರ ಬೇಡ ಎನ್ನುತ್ತಿದ್ದ ಮನುಷ್ಯನ ದನಿ ಸಣ್ಣಗಾಗುತ್ತ ಹೋಗುತ್ತಿತ್ತು. ಗಂಟೆಯ ಹಗ್ಗವನ್ನು ಒರಗಿದ್ದ ಚಪ್ಪಡಿಗೆ ಸುತ್ತಿ, ಅದು ಜಾರದ ಹಾಗೆ ಹಿಂದಕ್ಕೆ ಜಗ್ಗಿ ಹಿಡಿಯುವುದಕ್ಕೆ ಮೂವತ್ತು ಜನ ನಿಂತೆವು. ನಾನು ಎಲ್ಲರಿಗಿಂತ ಮುಂದೆ. ಇನ್ನುಳಿದವರು ಕೋಲುಗಳ ತುದಿಗೆ ಬಿದ್ದರು. ಒತ್ತಿದರು, ತುರುಕಿದರು, ಮತ್ತೆ ಒತ್ತಿದರು. ಜನಕ್ಕೆ ಉಸಿರನ್ನು ಜೊತೆಗೆ ಬಿಡುವುದೂ ಗೊತ್ತಿರಲಿಲ್ಲ, ಒಬ್ಬ ಒತ್ತುವಾಗ ಇನ್ನೊಬ್ಬ ಬಿಡುತ್ತಿದ್ದ. ಕೊನೆಗೆ ಅಧ್ಯಕ್ಷರೇ ಅಂಗಿ ಬಿಚ್ಚಿ ಎಸೆದು, "ಹೂಂ, ಹಾಕಿ!" ಎಂದು ಕೂಗಲು ಶುರು ಮಾಡಿದ ಮೇಲೆ ಎಲ್ಲರ ಕೈ ಒಂದಾಯಿತು. ಅಂಗೈ ಸಿಪ್ಪೆ ಸುಲಿದು ಹಗ್ಗದ ಮೇಲೆ ರಕ್ತ ಅಂಟುತ್ತಿತ್ತು. ಅರ್ಧ ಗಂಟೆಗೆ ಚಪ್ಪಡಿ ನಾಲ್ಕು ಬೆರಳಿನಷ್ಟು ಎದ್ದಿತು. ಒಂದು ಗಂಟೆಗೆ ಒಂದು ಗೇಣು. ತೊಂಬತ್ತು ಎಣಿಸುವುದರೊಳಗೆ ಮುಗಿಯಬಹುದಾಗಿದ್ದ ಕೆಲಸ ಇದು ಎಂದು ನಾನು ಪ್ರತಿ ಉಸಿರಿಗೂ ನೆನೆಸಿಕೊಳ್ಳುತ್ತಿದ್ದೆ.

ಮೇಷ್ಟ್ರ ಮಾತು ನಿಂತಿತು. ಕೂಗಿದರೆ ಉತ್ತರವಿಲ್ಲ. ಯಾರಾದರೂ ಒಳಗೆ ನುಗ್ಗಿ ಎಳೆಯಬೇಕು, ಸಂದಿ ಒಂದು ಗೇಣು ಮಾತ್ರ. ಚಪ್ಪಡಿ ಚೂರುಕಲ್ಲುಗಳ ಮೇಲೆ ನಡುಗುತ್ತ ಕೂತಿದೆ. ನೋಡನೋಡುತ್ತಿದ್ದ ಹಾಗೆ ಮುದ್ದುರಂಗ ಮಣ್ಣಿನ ಮೇಲೆ ಬೋರಲು ಮಲಗಿ, ತಲೆ ಮೊದಲು ಒಳಗೆ ತೆವಳಿದ. ಅವನು ಬಿಟ್ಟರೆ ಬೇರೆ ಯಾರೂ ಅಲ್ಲಿ ಹಿಡಿಸುತ್ತಿರಲಿಲ್ಲ. ಅವನ ಎರಡು ಪಾದ ಮಾತ್ರ ಈಚೆ ಕಾಣುತ್ತಿದ್ದವು. ಕಲ್ಲು ಕೂತಿದ್ದರೆ ಅವನನ್ನೂ ಮಡಿಸಿ ಇಟ್ಟುಬಿಡುತ್ತಿತ್ತು. ಅವನಿಗೆ ಆಗ ಯಾರ ಶಕ್ತಿಯೂ ಇರಲಿಲ್ಲ, ಅವನದೇ ಅಷ್ಟಿಷ್ಟು. ನಾನು ಹಗ್ಗ ಕಚ್ಚಿ ಹಿಡಿದು, ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ.

"ಕಾಲು ಹಿಡಿದು ಎಳೀರಿ!" ಎಂದು ಒಳಗಿನಿಂದ ಕೂಗಿದ. ಇಬ್ಬರು ಅವನ ಪಾದ ಹಿಡಿದು ಎಳೆದರು. ಅವನು ಬಂದ, ಅವನ ತೋಳಿನೊಳಗೆ ಮೇಷ್ಟ್ರು ಬಂದರು. ಬಲಗಾಲು ಮಂಡಿಯ ಕೆಳಗೆ ಕಾಲಿನ ಹಾಗಿರಲಿಲ್ಲ. ಆದರೂ ಮನುಷ್ಯ ಉಸಿರಾಡುತ್ತಿದ್ದರು. ಇನಾಯತ್ ಡಾಕ್ಟರು ಕಟ್ಟು ಹಾಕುತ್ತಿದ್ದಾಗ ಒಮ್ಮೆ ಕಣ್ಣು ತೆರೆದು, "ಎತ್ತಿದ್ನಾ?" ಎಂದು ಕೇಳಿದರು. ಡಾಕ್ಟರು ಕಟ್ಟನ್ನು ಇನ್ನೂ ಬಿಗಿದರು.

ಪಟ್ಟಣದ ಆಸ್ಪತ್ರೆಯಲ್ಲಿ ಆ ಕಾಲನ್ನು ತೆಗೆದರು. ಸುದ್ದಿ ಬಂದ ದಿನದಿಂದ ನಮ್ಮೂರಿಗೆ ಒಬ್ಬ ಅಪರಾಧಿ ಬೇಕಾಯಿತು, ಅವನು ತಾನಾಗಿಯೇ ಮೈದಾನದ ನಡುವೆ ನಿಂತು ಒಪ್ಪಿಕೊಂಡಿದ್ದ. ಮುದ್ದುರಂಗನ ಅಂಗಡಿಗೆ ಬಟ್ಟೆ ಬರುವುದು ನಿಂತಿತು. ಹೊಲಿಯಲು ಕೊಟ್ಟಿದ್ದವರೂ ಹಾಗೇ ವಾಪಸ್ ತೆಗೆದುಕೊಂಡು ಹೋದರು. ಹಿಂದೆ ಅವನ ಮುಂದೆ ತಲೆಬಾಗುತ್ತಿದ್ದವರು ಈಗ ಅಂಗಡಿಯ ಮುಂದೆ ಗಂಟಲು ಕ್ಯಾಕರಿಸಿ ಹೋಗುತ್ತಿದ್ದರು. ನಾನು ಎರಡು ಸಲ ಹೋಗಿ, ನಿಜ ಹೇಳಿಬಿಡುತ್ತೇನೆ ರಂಗ ಎಂದೆ. ಎರಡು ಸಲವೂ ಅವನು ಯಂತ್ರದಿಂದ ತಲೆಯೆತ್ತದೆ, "ಹೇಳಿದ್ರೆ ನಾಳೇನೇ ಗಂಟೆಗೆ ಮತ್ತೆ ಹಗ್ಗ ಕಟ್ತಾರೆ ಅಕ್ಕ. ದೇವೀರಣ್ಣನ್ನ ಎಲ್ಲಿ ಬಚ್ಚಿಡ್ತೀಯ?" ಎಂದ. ಹೊಲಿಯಲು ಏನೂ ಇಲ್ಲದೆ ಅವನು ಚಿಂದಿ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದ.

ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವರು ನನ್ನ ಗಂಡ. ಎರಡು ಗಂಟೆ ಹೊತ್ತು ಅಂಗಾತ ಮಲಗಿ ಕಾದದ್ದು ಅವರಿಗೆ ದೊಡ್ಡ ಅವಮಾನವಾಗಿತ್ತು. ಅಣ್ಣನ ಊರಿಗೂ ಹೋಗಲಿಲ್ಲ, ಕರಿಬೇವು ಒಣಗಿತು. ಬೆಳಿಗ್ಗೆ ಎದ್ದರೆ ಮುದ್ದುರಂಗ, ಊಟಕ್ಕೆ ಕೂತರೆ ಮುದ್ದುರಂಗ. ಇಷ್ಟು ವರ್ಷ ನಮ್ಮ ರಕ್ತ ಕುಡಿದು, ಬೇಕಾದ ದಿನ ಕೈಯೆತ್ತಿದ ಹೇಡಿ ಎನ್ನುತ್ತಿದ್ದರು. ನಾನು ಅನ್ನ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದೊಂದು ತುತ್ತನ್ನೂ ಅವರು ಯಾರ ದಯದಿಂದ ಉಣ್ಣುತ್ತಿದ್ದಾರೆಂದು ನನಗೊಬ್ಬಳಿಗೇ ಗೊತ್ತಿತ್ತು.

ಒಂದು ಮಧ್ಯಾಹ್ನ ಇವರು ಬಹಳ ಖುಷಿಯಾಗಿ ಊಟಕ್ಕೆ ಬಂದರು. "ಇವತ್ತು ಸರಿಯಾಗಿ ಮಾಡ್ದೆ ನೋಡು" ಎಂದರು. "ಬೀದಿ ಜನದ ಮುಂದೆ ಅವನ ಅಂಗಡಿಗೆ ಹೋಗಿ, ನೀನು ಗಂಡಸಾದ್ರೆ ಮೇಷ್ಟ್ರ ಕಾಲು ವಾಪಸ್ ತಂದ್ಕೊಡು ಅಂದೆ. ನನ್ನನ್ನೇ ನೋಡ್ತಾ ಕೂತಿದ್ದ. 'ಮೈ ಹುಷಾರಾಗಿದ್ಯಾ ಅಣ್ಣ' ಅಂತಾನೆ! ಎಷ್ಟು ಪೊಗರು ನೋಡು."

ನಾನು ಸಾರಿನ ಸೌಟನ್ನು ಕೆಳಗಿಟ್ಟೆ. ಎದುರಿಗೆ ಕೂತು ಎಲ್ಲ ಹೇಳಿದೆ. ನೇರಳೆ ತುಟಿ, ಐವತ್ತು, ಒಂಬತ್ತು ಬೆರಳು, ಮೆಟ್ಟಿಲ ಮೇಲಿನ ಮಾತು, ಅವನು ಆಡಿದ ಸುಳ್ಳು, ಚಾಪೆಯ ಮೇಲೆ ನಾನು ಆಡಿದ ಸುಳ್ಳು. ಏನನ್ನೂ ಬಿಡಲಿಲ್ಲ. ಅವರು ತಟ್ಟೆಯಲ್ಲಿ ಕಲಸಿದ ಅನ್ನದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಕೋಪ ಬರಬಹುದೆಂದು ಕಾದೆ. ಎದೆ ಹಿಡಿದುಕೊಳ್ಳಬಹುದೆಂದು ಹೆದರಿದೆ.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತು" ಎಂದರು ಕೊನೆಗೆ.

"ಕೇಳಿದ್ರೆ ಏನಂತಿದ್ರಿ?"

"ಹೊಡಿ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಅವರು ತಟ್ಟೆ ಸರಿಸಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿನಲ್ಲಿ ಟೈಲರ್ ಅಂಗಡಿಯ ಕಡೆ ನಡೆದರು. ಕೈಯನ್ನೂ ತೊಳೆದುಕೊಂಡಿರಲಿಲ್ಲ.